ಹೆರಿಗೆ ಕೋಣೆಗೆ ಪಾಳಿ ಬೇಡವೇ?

ಗೌರಿಬಿದನೂರಿನ ಮಿಲ್ಲಿನಲ್ಲಿ ದುಡಿಯುವ ಯಾವ ಕೆಲಸಗಾರನನ್ನಾದರೂ ಕೇಳಿ ನೋಡಿ. ರಾತ್ರಿ ಪಾಳಿಗೆ ಬರಬೇಕಾದವನು ಬರಲಿಲ್ಲವೆಂದರೆ ಮೇಸ್ತ್ರಿ ಏನು ಮಾಡುತ್ತಾನೆ? ಬದಲಿ ಆಳನ್ನು ಕರೆಸುತ್ತಾನೆ. ಅವನೂ ಸಿಗದಿದ್ದರೆ ಹಿಂದಿನ ಪಾಳಿಯವನನ್ನೇ ನಿಲ್ಲಿಸಿಕೊಂಡು ಓವರ್‌ಟೈಂ ಬರೆಯುತ್ತಾನೆ. ಯಂತ್ರ ನಿಲ್ಲಕೂಡದು. ನಿಂತರೆ ಎಷ್ಟು ಹೊತ್ತು ನಿಂತಿತು, ಏತಕ್ಕೆ ನಿಂತಿತು, ಹೊಣೆ ಯಾರದು ಎಂಬುದು ಬೆಳಗಾಗುವುದರೊಳಗೆ ರಿಜಿಸ್ಟರಿಗೆ ಏರಿರುತ್ತದೆ. ನೂಲಿಗೆ ಇಷ್ಟು ಮರ್ಯಾದೆ ಇರುವ ಸೀಮೆ ನಮ್ಮದು. ಆ ನೂಲು ತೆಗೆಯುವ ಹೆಣ್ಣುಮಗಳು ನಡುರಾತ್ರಿ ಹೆರಿಗೆ ನೋವಿನಿಂದ ಸರ್ಕಾರಿ ಆಸ್ಪತ್ರೆಯ ಬಾಗಿಲಿಗೆ ಬಂದರೆ ಅವಳಿಗೆ ಸಿಗುವುದು ಬದಲಿ ಡಾಕ್ಟರಲ್ಲ, ಒಂದು ಚೀಟಿ. ಆ ಚೀಟಿಗೆ "ರೆಫರ್" ಎಂದು ಹೆಸರು.

ನಾನು ಮೇಷ್ಟ್ರ ಕೆಲಸ ಬಿಟ್ಟು ಈ ಸಂಘಟನೆಯ ಕೆಲಸಕ್ಕೆ ಬಂದು ಕೆಲವು ವರ್ಷವಾಯಿತು. ಆದರೂ ಹಳೆಯ ಹುಡುಗರ ಮನೆಯವರು ಕಷ್ಟ ಬಂದಾಗ ಮೇಷ್ಟ್ರನ್ನೇ ಕರೆಯುತ್ತಾರೆ. ಒಂದು ರಾತ್ರಿ ಹತ್ತು ಗಂಟೆಗೆ ಹಾಗೆ ಕರೆ ಬಂತು. ನಾಲ್ಕನೆಯ ತರಗತಿಯಲ್ಲಿ ಹದಿನೆಂಟರ ಮಗ್ಗಿಯನ್ನು ತಡವರಿಸದೆ ಒಪ್ಪಿಸುತ್ತಿದ್ದ ಹುಡುಗಿ, ಈಗ ನೂಲು ಬಿಚ್ಚಾಣಿಕೆಯ ಕೆಲಸಕ್ಕೆ ಹೋಗುವವಳು. ಎರಡನೆಯ ಹೆರಿಗೆ. ಅವಳ ತಂದೆ ಹೇಳಿದ್ದು ಇಷ್ಟೆ: "ಮೇಷ್ಟ್ರೇ, ನೀವು ಒಂದು ಸಲ ಬಂದು ನಿಂತ್ಕೊಳ್ಳಿ. ನೀವಿದ್ರೆ ಡಾಕ್ಟ್ರು ನಮ್ಮ ಹತ್ರ ಮಾತಾಡ್ತಾರೆ." ಈ ಮಾತು ನನ್ನನ್ನು ಈಗಲೂ ಚುಚ್ಚುತ್ತದೆ. ತನ್ನ ಮಗಳ ಪ್ರಾಣದ ವಿಷಯ ತನಗೆ ಹೇಳಬೇಕಾದರೆ ಪಕ್ಕದಲ್ಲಿ ಶರಟು ಇಸ್ತ್ರಿ ಮಾಡಿದವನೊಬ್ಬ ನಿಂತಿರಬೇಕು ಎಂದು ಆ ಮನುಷ್ಯ ಅನುಭವದಿಂದ ಕಲಿತಿದ್ದ.

ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಡಾಕ್ಟರು ನೋಡಿದರು, ಮಗು ಅಡ್ಡವಾಗಿದೆ, ಶಸ್ತ್ರಕ್ರಿಯೆ ಆಗಲೇಬೇಕು ಎಂದರು. ಶಸ್ತ್ರಕ್ರಿಯೆಯ ಕೋಣೆ ಇತ್ತು, ದೀಪ ಇತ್ತು, ಮೇಜಿತ್ತು. ಅರಿವಳಿಕೆ ಕೊಡುವ ಡಾಕ್ಟರಿರಲಿಲ್ಲ. ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ಅರಿವಳಿಕೆಯವರಿದ್ದರು, ಅವಳ ಗುಂಪಿನ ರಕ್ತವಿರಲಿಲ್ಲ, ಮತ್ತೊಂದು ಚೀಟಿ. ಬೆಂಗಳೂರು ಮುಟ್ಟಿದಾಗ ಬೆಳಗಿನ ಜಾವ ಮೂರೂವರೆ. ತಾಯಿ ಉಳಿದಳು. ಕೂಸು ಉಳಿಯಲಿಲ್ಲ. ಮೊದಲ ಆಸ್ಪತ್ರೆಯ ನರ್ಸಮ್ಮನ ಮೇಲೆ ನಾನು ರೇಗಿದ್ದೆ, ಆಕೆ ಅತ್ತುಬಿಟ್ಟಳು. "ಸಾರ್, ಮೂರು ರಾತ್ರಿಯಿಂದ ನಾನೊಬ್ಬಳೇ ಇದೀನಿ, ಒಳಗೆ ಇನ್ನೂ ಮೂವರು ಇದಾರೆ" ಎಂದಳು. ನಾನು ರೇಗಬೇಕಾಗಿದ್ದುದು ಆಕೆಯ ಮೇಲಲ್ಲ.

ಹಾಗಾದರೆ ಯಾರ ಮೇಲೆ? ಇದನ್ನು ಲೆಕ್ಕ ಹಾಕಿ ನೋಡೋಣ. ನಾನು ಎಸ್.ಎಸ್.ಎಲ್.ಸಿ. ಮಾತ್ರ ಓದಿದವನು, ಆದರೆ ಈ ಲೆಕ್ಕಕ್ಕೆ ಅಷ್ಟು ಓದು ಸಾಕು. ವಾರಕ್ಕೆ 168 ಗಂಟೆ. ಒಬ್ಬ ಮನುಷ್ಯ ವಾರಕ್ಕೆ 48 ಗಂಟೆ ದುಡಿದರೆ ಅದು ಪೂರ್ತಿ ದುಡಿಮೆ ಎಂದು ಹಳೆಯ ಕಾರ್ಖಾನೆ ಕಾಯಿದೆ ಹೇಳುತ್ತಿತ್ತು. 168ನ್ನು 48ರಿಂದ ಭಾಗಿಸಿ: ಮೂರೂವರೆ. ರಜಾ, ಕಾಯಿಲೆ, ತರಬೇತಿ ಸೇರಿಸಿದರೆ ನಾಲ್ಕು. ಎಂದರೆ ಹಗಲೂ ರಾತ್ರಿ ಅರಿವಳಿಕೆ ಡಾಕ್ಟರು ಇರಬೇಕಾದರೆ ನಾಲ್ವರು ಬೇಕು. ಇಬ್ಬರಿದ್ದರೆ 96 ಗಂಟೆ ತುಂಬುತ್ತದೆ. ಉಳಿದ 72 ಗಂಟೆ, ಅಂದರೆ ಏಳು ದಿನದಲ್ಲಿ ಮೂರು ದಿನ, ಖಾಲಿ. ಒಬ್ಬರೇ ಇದ್ದರೆ ಐದು ದಿನ ಖಾಲಿ. 2025ರಲ್ಲಿ ಆರೋಗ್ಯ ಇಲಾಖೆಯವರು ಹೆರಿಗೆ ಕಡಮೆ ಇರುವ ಸಮುದಾಯ ಆರೋಗ್ಯ ಕೇಂದ್ರಗಳಿಂದ ತಜ್ಞರನ್ನು ಎತ್ತಿ, ತಾಲ್ಲೂಕು ಆಸ್ಪತ್ರೆಗೆ ಪ್ರಸೂತಿ ತಜ್ಞರು ಇಬ್ಬರು, ಅರಿವಳಿಕೆ ತಜ್ಞರು ಇಬ್ಬರು, ಮಕ್ಕಳ ತಜ್ಞರು ಇಬ್ಬರು ಎಂದು ಕೂಡಿಸುವ ಮಾತಾಡಿದರು. ಚದುರಿದವರನ್ನು ಒಂದು ಕಡೆ ಕೂಡಿಸುವುದು ಸರಿಯಾದ ಕೆಲಸ, ಅದನ್ನು ನಾವು ಹಳಿಯುವುದಿಲ್ಲ. ಆದರೆ ಇಬ್ಬರನ್ನು ಕೊಟ್ಟು "ಇಪ್ಪತ್ತನಾಲ್ಕು ಗಂಟೆ ಸೇವೆ" ಎಂದು ಬೋರ್ಡು ಬರೆಸುವುದು ತೂಕದಲ್ಲಿ ಮೋಸ. ಚಿಂತಾಮಣಿಯ ಮಂಡಿಯಲ್ಲಿ ಅರ್ಧ ಚೀಲ ಕಾಯಿ ಹಾಕಿ ಪೂರ್ತಿ ಚೀಲಕ್ಕೆ ಬಿಲ್ಲು ಬರೆದರೆ ಲೈಸೆನ್ಸು ಉಳಿಯುತ್ತದೆಯೆ?

ನಾಲ್ವರು ಎಲ್ಲಿಂದ ತರುವುದು, ಡಾಕ್ಟರೇ ಸಿಗುವುದಿಲ್ಲ ಎಂದು ಹೇಳುವವರಿದ್ದಾರೆ. ಆ ಮಾತಿನಲ್ಲಿ ಅರ್ಧ ನಿಜವಿದೆ. ಆದ್ದರಿಂದಲೇ ಆಡಳಿತ ಬೇಕಾಗಿರುವುದು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಒಂದಕ್ಕೊಂದು ಹತ್ತಿರ. ಶಿಡ್ಲಘಟ್ಟ ಚಿಂತಾಮಣಿಯ ನಡುವೆಯೂ ರಸ್ತೆ ದೂರವಲ್ಲ. ಈ ಮೂರು ಆಸ್ಪತ್ರೆಗಳ ತಜ್ಞರಿಗೆ ಒಂದೇ ಪಾಳಿ ಪಟ್ಟಿ ಬರೆಯಿರಿ. ಯಾವ ರಾತ್ರಿ ಎಲ್ಲಿ ಶಸ್ತ್ರಕ್ರಿಯೆ ನಡೆಯುತ್ತದೆ ಎಂಬುದು 108ರ ಚಾಲಕನಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಿಗೆ, ಹಳ್ಳಿಯ ಆಶಾಗೆ ಸಂಜೆ ಆರಕ್ಕೆ ಮುಂಚೆ ಗೊತ್ತಿರಲಿ. ಆಗ ತುಂಬಿದ ಬಸುರಿ ಮೂರು ಬಾಗಿಲು ತಟ್ಟುವುದು ತಪ್ಪಿ ಒಂದೇ ಬಾಗಿಲಿಗೆ ಹೋಗುತ್ತಾಳೆ. ಗೌರಿಬಿದನೂರು ಮಾತ್ರ ಒಂಟಿ. ಅದಕ್ಕೆ ಅದರದ್ದೇ ನಾಲ್ವರು ಬೇಕು, ಇದರಲ್ಲಿ ಚೌಕಾಸಿಯಿಲ್ಲ. ಇನ್ನು ಸಾಮಾನ್ಯ ಎಂ.ಬಿ.ಬಿ.ಎಸ್. ಡಾಕ್ಟರಿಗೆ ಕೆಲವು ತಿಂಗಳ ತರಬೇತಿ ಕೊಟ್ಟು ತುರ್ತು ಹೆರಿಗೆಯ ಅರಿವಳಿಕೆ ಕಲಿಸುವ ಯೋಜನೆ ದೇಶದಲ್ಲಿ ಬಹಳ ಕಾಲದಿಂದ ಇದೆ. ಹಾಗೆ ಕಲಿತವರನ್ನು ಶಸ್ತ್ರಕ್ರಿಯೆಯ ಕೋಣೆಯೇ ಇಲ್ಲದ ಕಡೆಗೆ ವರ್ಗ ಮಾಡುವುದೂ ಬಹಳ ಕಾಲದಿಂದ ಇದೆ! ವಶೀಲಿಯ ವರ್ಗಾವಣೆ ಒಂದು ಆಫೀಸಿನ ಕಡತ ಕೆಡಿಸಬಹುದು, ಆದರೆ ಆಸ್ಪತ್ರೆಯಲ್ಲಿ ಅದು ಪ್ರಾಣ ತೆಗೆಯುತ್ತದೆ.

ಹೊತ್ತು ಎಂದರೆ ಎಷ್ಟು ಹೊತ್ತು? ಹೆರಿಗೆಯಾದ ಮೇಲೆ ಕಟ್ಟುನಿಟ್ಟಾಗಿ ರಕ್ತ ನಿಲ್ಲದೆ ಹೋದರೆ ಗಟ್ಟಿಮುಟ್ಟಾದ ಹೆಂಗಸೂ ಎರಡು ಗಂಟೆಯೊಳಗೆ ತೀರಿಕೊಳ್ಳಬಹುದು. ರಕ್ತಹೀನತೆಯ ಹೆಂಗಸಿಗೆ ಅಷ್ಟೂ ಅವಕಾಶವಿಲ್ಲ. ಮತ್ತು ಕರ್ನಾಟಕದಲ್ಲಿ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರು ಬಸುರಿಯರಲ್ಲಿ ಸುಮಾರು 45 ಜನ ರಕ್ತಹೀನರು. ಇಲ್ಲಿಂದ ಬೆಂಗಳೂರಿನ ವಾಣಿವಿಲಾಸಕ್ಕೆ ಸುಮಾರು 60 ಕಿಲೋಮೀಟರು. 1935ರಲ್ಲಿ ತೆರೆದ ಆ ಆಸ್ಪತ್ರೆ ನಮ್ಮ ಅಜ್ಜಿಯರ ಕಾಲದಿಂದ ಈ ಸೀಮೆಯ ಹೆಣ್ಣುಮಕ್ಕಳ ಕಡೆಯ ಆಸರೆ. ಭಾನುವಾರ ಬೆಳಿಗ್ಗೆ ನಂದಿಬೆಟ್ಟದ ಸೂರ್ಯೋದಯ ನೋಡಲು ಬಂದ ಕಾರುಗಳ ಸಾಲನ್ನು ಹೆದ್ದಾರಿಯಲ್ಲಿ ನೋಡಿದವರಿಗೆ ಈ 60 ಕಿಲೋಮೀಟರಿನ ಬೆಲೆ ಗೊತ್ತು.

ಈಗ ದೊಡ್ಡವರ ಒಂದು ಹಳೆಯ ಮಾತಿಗೆ ಬರೋಣ. "ನಮ್ಮ ಹೆಂಗಸರಿಗೆ ತಿಳಿವಳಿಕೆ ಇಲ್ಲ, ಮನೆಯಲ್ಲೇ ಹೆರುತ್ತಾರೆ, ಕೊನೆ ಗಳಿಗೆಯಲ್ಲಿ ಬರುತ್ತಾರೆ." ಇದು ಒಂದು ಕಾಲಕ್ಕೆ ನಿಜವಿದ್ದಿರಬಹುದು. ಈಗ ಸುಳ್ಳು. ಅದೇ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದೆ. ಸೂಲಗಿತ್ತಿಯ ಕೈ ಬಿಟ್ಟು, ಕೂಲಿ ಬಿಟ್ಟು, ನಿಮ್ಮ ಮಾತು ನಂಬಿ ಹೆಣ್ಣುಮಕ್ಕಳು ಆಸ್ಪತ್ರೆಗೆ ಬಂದರು. ತಾಯಿಯರ ಸಾವೂ ಇಳಿಯಿತು, ಇಲ್ಲವೆನ್ನುವುದಿಲ್ಲ: 2004–06ರಲ್ಲಿ ಲಕ್ಷ ಹೆರಿಗೆಗೆ 213 ಇದ್ದದ್ದು 2018–20ಕ್ಕೆ 69 ಆಯಿತು. ಆದರೆ ಅದೇ 2018–20ರಲ್ಲಿ ಕೇರಳದಲ್ಲಿ 19, ತೆಲಂಗಾಣದಲ್ಲಿ 43, ಆಂಧ್ರದಲ್ಲಿ 45, ತಮಿಳುನಾಡಿನಲ್ಲಿ 54. ದಕ್ಷಿಣದ ಐದು ರಾಜ್ಯಗಳಲ್ಲಿ ಕೊನೆಯವರು ನಾವು. ಬಾಗೇಪಲ್ಲಿಯ ಗಡಿ ದಾಟಿದರೆ ಆಂಧ್ರ. ಆಚೆಯ ಹೆಂಗಸೂ ಈಚೆಯ ಹೆಂಗಸೂ ಒಂದೇ ತೆಲುಗು ಆಡುತ್ತಾರೆ, ಒಂದೇ ರಾಗಿ ಉಣ್ಣುತ್ತಾರೆ, ಒಂದೇ ಫ್ಲೋರೈಡಿನ ಕೊಳವೆಬಾವಿ ನೀರು ಕುಡಿಯುತ್ತಾರೆ. ಆಚೆಯವರಿಗೆ ಹೆಚ್ಚು ತಿಳಿವಳಿಕೆ, ಈಚೆಯವರಿಗೆ ಕಡಮೆ ಎಂದು ಯಾವ ಮಹನೀಯರಾದರೂ ಸಾಧಿಸಲಿ.

ಇದಕ್ಕೆ ಸರ್ಕಾರದ ಲೆಕ್ಕವೇ ಸಾಕ್ಷಿ. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ರಾಜ್ಯದಲ್ಲಿ ಸತ್ತ 464 ತಾಯಂದಿರ ಸಾವನ್ನು ಪರಿಶೀಲಿಸಿ, ಅದರಲ್ಲಿ ನೂರಕ್ಕೆ 70ಕ್ಕೂ ಮೇಲೆ ತಪ್ಪಿಸಬಹುದಾಗಿದ್ದ ಸಾವುಗಳು ಎಂದು ಆರೋಗ್ಯ ಇಲಾಖೆಯೇ ಒಪ್ಪಿತು. ತಪ್ಪಿಸಬಹುದಾಗಿದ್ದ ಸಾವು ಎಂದರೇನು? ಮಿಲ್ಲಿನಲ್ಲಿ ಹಾಗಾದರೆ ಅದಕ್ಕೆ ಅಪಘಾತ ಎನ್ನುವುದಿಲ್ಲ, ನಿರ್ಲಕ್ಷ್ಯ ಎನ್ನುತ್ತಾರೆ.

ಆ ಪರಿಶೀಲನೆಯಾದರೂ ಏಕಾಯಿತು? ಬಳ್ಳಾರಿಯಿಂದ. 2024ರ ನವೆಂಬರಿನಲ್ಲಿ ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಐವರು ತೀರಿಕೊಂಡರು. ಅವರಿಗೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಿತ್ತು, ಸರ್ಕಾರ ಅದರ ಬಳಕೆ ನಿಲ್ಲಿಸಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ! ಚಿಲ್ಲರೆ ಅಂಗಡಿಯ ಬಂಧುಗಳು ಇದನ್ನು ಸ್ವಲ್ಪ ಗಮನಿಸಬೇಕು. ಆ ಕಂಪೆನಿಯ ಕೆಲವು ತಂಡಗಳ ಸರಕು ರಾಜ್ಯದ ಪ್ರಯೋಗಾಲಯದಲ್ಲಿ ಮೊದಲೇ ಕಳಪೆ ಎನಿಸಿತ್ತು. ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದಿತು. ತಡೆದಿಟ್ಟ ಸರಕು ಮತ್ತೆ ಹೊರಗೆ ಬಂತು. ನಿಮ್ಮ ಅಂಗಡಿಗೆ ಒಂದು ಡಬ್ಬ ಎಣ್ಣೆ ಮುಗ್ಗಲು ಬಂದರೆ, ಒಬ್ಬರು ಚೆನ್ನಾಗಿದೆ ಇನ್ನೊಬ್ಬರು ಇಲ್ಲ ಎಂದರೆ, ನೀವು ಗಿರಾಕಿಗೆ ಮಾರುತ್ತೀರಾ, ವಾಪಸು ಕಳಿಸುತ್ತೀರಾ? ತಮಿಳುನಾಡಿನವರು 1995ರಿಂದ ಒಂದು ನಿಗಮ ಕಟ್ಟಿ ಔಷಧದ ಖರೀದಿ, ಪರೀಕ್ಷೆ, ಉಗ್ರಾಣದ ಲೆಕ್ಕ ಎಲ್ಲವನ್ನೂ ಒಂದು ಶಿಸ್ತಿಗೆ ತಂದರು. ಬೇರೆ ರಾಜ್ಯದವರು ಹೋಗಿ ನೋಡಿ ಬರುವ ಹಾಗೆ ಮಾಡಿದರು. ನಮ್ಮವರೂ ನೋಡಿ ಬಂದರು. ನಿಗಮವನ್ನೂ ಕಟ್ಟಿದರು. ಶಿಸ್ತು ಮಾತ್ರ ಹೊಸೂರಿನಲ್ಲೇ ಉಳಿಯಿತು.

ಎಲ್ಲವೂ ಕೋಟಿ ರೂಪಾಯಿಯ ಮಾತಲ್ಲ. ಹೆರಿಗೆಯ ನಂತರ ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದು ತಂಪಿನಲ್ಲಿರಬೇಕು, ಇಲ್ಲವಾದರೆ ಅದರ ಗುಣ ಕೆಡುತ್ತದೆ. ಕರೆಂಟು ಹೋದಾಗ ಫ್ರಿಜ್ಜಿನ ಗತಿ ಏನು ಎಂದು ಯಾರಾದರೂ ಬರೆದಿಡುತ್ತಾರೆಯೆ? ಆಫ್ರಿಕದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ಮೇಲೆ ನಡೆದ ಒಂದು ಪ್ರಯೋಗದ ಫಲ 2023ರಲ್ಲಿ ಪ್ರಕಟವಾಯಿತು. ಅಲ್ಲಿ ಮಾಡಿದ್ದಿಷ್ಟೆ: ಬಾಣಂತಿಯ ಕೆಳಗೆ ಅಳತೆಯ ಗೆರೆ ಹಾಕಿದ ಪ್ಲಾಸ್ಟಿಕ್ ಹಾಳೆ ಕಟ್ಟಿ, ಎಷ್ಟು ರಕ್ತ ಹೋಯಿತೆಂದು ಕಣ್ಣಂದಾಜು ಬಿಟ್ಟು ಅಳೆದು ನೋಡಿದರು, ಗೆರೆ ದಾಟಿದ ಕೂಡಲೇ ಮಾಡಬೇಕಾದ ಕೆಲಸವನ್ನೆಲ್ಲ ಒಟ್ಟಿಗೆ ಮಾಡಿದರು. ಭಾರಿ ರಕ್ತಸ್ರಾವ, ಅದರಿಂದಾಗುವ ಅನಾಹುತ ನೂರಕ್ಕೆ 60ರಷ್ಟು ಇಳಿಯಿತು. ಅಳತೆಯ ಹಾಳೆ! ಹಾಲಿನ ಡೇರಿಯಲ್ಲಿ ಲೀಟರಿಗೆ ಇರುವ ಅಳತೆ ಹೆಣ್ಣಿನ ರಕ್ತಕ್ಕೂ ಇರಲಿ ಎಂದು ಕೇಳಿದರೆ ಅದು ದುರಾಸೆಯಲ್ಲ.

ಕಾಗದದ ಮೇಲೆ ನಮ್ಮ ತಾಯಂದಿರು ಮಹಾರಾಣಿಯರು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಪರೀಕ್ಷೆ, ಊಟ, ಹೋಗಿಬರುವ ಗಾಡಿ ಎಲ್ಲ ಬಿಟ್ಟಿ. ಒಂದು ಕಾಸೂ ತೆಗೆದುಕೊಳ್ಳಕೂಡದು. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡ. ಗಂಡು ಹುಟ್ಟಿದರೆ ಇಷ್ಟು, ಹೆಣ್ಣು ಹುಟ್ಟಿದರೆ ಇಷ್ಟು ಎಂದು ಕೈಚಾಚುವ ಚಾಳಿ ಈ ನಾಡಿನಲ್ಲಿ ಯಾರಿಗೆ ಗೊತ್ತಿಲ್ಲ? ತಾಯಿ ಕಾರ್ಡು, ಆಧಾರ್ ಕಾರ್ಡು ಇಲ್ಲವೆಂದು 2022ರ ನವೆಂಬರಿನಲ್ಲಿ ತುಮಕೂರಿನ ಜಿಲ್ಲಾಸ್ಪತ್ರೆಯಿಂದ ಒಬ್ಬ ಬಡ ಬಸುರಿಯನ್ನು ವಾಪಸು ಕಳಿಸಿದರು. ಅವಳು ಮನೆಯಲ್ಲಿ ಅವಳಿ ಕೂಸುಗಳ ಸಮೇತ ಸತ್ತಳು. ಆಮೇಲೆ ಅಮಾನತು, ಆಮೇಲೆ ಸುತ್ತೋಲೆ. ಕಾರ್ಡು ಇರುವುದು ಬಸುರಿಗಾಗಿ. ಬಸುರಿ ಇರುವುದು ಕಾರ್ಡಿಗಾಗಿ ಅಲ್ಲ ಎಂದು ಸುತ್ತೋಲೆಯಲ್ಲಿ ಹೇಳಬೇಕಾದ ಸ್ಥಿತಿ.

ದುಡ್ಡಿನ ವಿಷಯದಲ್ಲೂ ಕಣ್ಣೊರೆಸುವ ತಂತ್ರವೇ. 2013ರ ಆಹಾರ ಭದ್ರತಾ ಕಾಯಿದೆ ಪ್ರತಿಯೊಬ್ಬ ಬಸುರಿ ಬಾಣಂತಿಗೆ 6,000 ರೂಪಾಯಿಗೆ ಕಡಮೆಯಿಲ್ಲದ ನೆರವು ಎಂದಿತು. 2017ರ ಮಾತೃ ವಂದನಾ ಯೋಜನೆ ಅದನ್ನು ಮೊದಲ ಕೂಸಿಗೆ 5,000ಕ್ಕೆ ಇಳಿಸಿತು. ಎರಡನೆಯದು ಹೆಣ್ಣಾದರೆ ಮಾತ್ರ 6,000 ಎಂದು ಆಮೇಲೆ ಸೇರಿಸಿದರು. ಹೆರಿಗೆ ರಜಾ 2017ರಿಂದ 26 ವಾರ. 1961ರ ಆ ಕಾಯಿದೆ ಈಗ 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಕೊಂಡಿದೆ. ಮಿಲ್ಲಿನ ಹೆಣ್ಣುಮಕ್ಕಳು ಇ.ಎಸ್.ಐ. ಚೀಟಿ ಹಿಡಿದು ಅದನ್ನು ಕೇಳಬಹುದು. ಆದರೆ ಶಿಡ್ಲಘಟ್ಟದ ಓಣಿಯಲ್ಲಿ ಆರೇಳು ಜನರ ಬಿಚ್ಚಾಣಿಕೆ ಘಟಕದಲ್ಲಿ ಕುದಿನೀರಿಗೆ ಕೈಯಿಟ್ಟು, ಸತ್ತ ಹುಳುವಿನ ವಾಸನೆ ಕುಡಿದು ಎಂಟು ತಿಂಗಳವರೆಗೂ ದುಡಿಯುವ ಬೀಬಿಯರಿಗೆ, ಅಮ್ಮಂದಿರಿಗೆ? ಹತ್ತು ಜನರಿಲ್ಲದ ಕಡೆ ಆ 26 ವಾರ ಇಲ್ಲ. ಸಣ್ಣ ರೀಲರ್‌ನನ್ನು ಇದಕ್ಕೆ ಬಯ್ಯುವುದು ನ್ಯಾಯವಲ್ಲ, ಗೂಡಿನ ಬೆಲೆ ಏರಿದರೆ ಅವನೇ ಸಾಲಗಾರ. ಆ ಕೂಲಿ ಸರ್ಕಾರದ ನಿಧಿಯಿಂದ ಬರಬೇಕು. ಪಕ್ಕದ ತಮಿಳುನಾಡು ಮುತ್ತುಲಕ್ಷ್ಮಿ ರೆಡ್ಡಿ ಹೆಸರಿನ ಯೋಜನೆಯಲ್ಲಿ ಬಡ ಬಾಣಂತಿಗೆ 18,000 ರೂಪಾಯಿ ಮೊತ್ತದ ನೆರವು ಗೊತ್ತುಮಾಡಲಿಲ್ಲವೇ?

ಇಷ್ಟೆಲ್ಲವನ್ನೂ ಹೊತ್ತು ಮನೆಮನೆ ತಿರುಗುವವಳು ಆಶಾ. ಸಾವಿರ ಜನಕ್ಕೆ ಒಬ್ಬಳು. ನೋವು ಬಂದಾಗ ಜೊತೆಯಲ್ಲಿ ಹತ್ತುವವಳೂ ಅವಳೇ, ಮೊಬೈಲಿನಲ್ಲಿ ಅಂಕಿ ತುಂಬುವವಳೂ ಅವಳೇ. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಬೀದಿಯಲ್ಲಿ ಮಲಗಿದ ಮೇಲೆ ತಿಂಗಳಿಗೆ 10,000 ರೂಪಾಯಿಯ ಮಾತು ಸಿಕ್ಕಿತು. ಅದೇ ವರ್ಷ ಮತ್ತೆ ಬೀದಿಗಿಳಿಯಬೇಕಾಯಿತು. ಅವಳನ್ನು "ಸ್ವಯಂಸೇವಕಿ" ಎನ್ನುತ್ತಾರೆ. ಬಡಹೆಂಗಸಿನ ದುಡಿಮೆಗೆ ಕೂಲಿ ತಪ್ಪಿಸಬೇಕಾದರೆ ಸರ್ಕಾರಕ್ಕೆ ಒಳ್ಳೆಯ ಸಂಸ್ಕೃತ ಬರುತ್ತದೆ.

ಚಿಕ್ಕಬಳ್ಳಾಪುರಕ್ಕೆ ಮೆಡಿಕಲ್ ಕಾಲೇಜು ಬಂತಲ್ಲ, ಇನ್ನೇನು ಚಿಂತೆ ಎನ್ನುವ ಮಿತ್ರರಿಗೆ ಒಂದು ಮಾತು. ಬಂದದ್ದು ಸಂತೋಷ. 2007ರಲ್ಲಿ ಜಿಲ್ಲೆಯಾದಾಗಲೂ ಹೀಗೇ ಸಂತೋಷಪಟ್ಟೆವು. ಆದರೆ ಹಿರಿಯ ಮನೆ ಕೋಲಾರವನ್ನು ನೋಡಿ: ಅಲ್ಲಿ ದೊಡ್ಡ ಜಿಲ್ಲಾಸ್ಪತ್ರೆ ಇದ್ದೂ 2017ರ ಆಗಸ್ಟಿನ ಹೊತ್ತಿಗೆ ಆ ವರ್ಷ 90 ಕೂಸುಗಳು ಸತ್ತ ಸುದ್ದಿ ರಾಜ್ಯವನ್ನೇ ಬೆಚ್ಚಿಬೀಳಿಸಿತು. ತೂಕವಿಲ್ಲದ ಕೂಸು, ಉಸಿರು ಕಟ್ಟಿದ ಕೂಸು ಕೆಳಗಿನ ಆಸ್ಪತ್ರೆಗಳಿಂದ ತಡವಾಗಿ ಬಂದು ಮೇಲಿನ ಆಸ್ಪತ್ರೆಯಲ್ಲಿ ಸಾಯುತ್ತದೆ. ಲೆಕ್ಕ ಮೇಲಿನವರ ಖಾತೆಗೆ ಬೀಳುತ್ತದೆ. ತಾಲ್ಲೂಕು ನೆಟ್ಟಗಾಗದೆ ಜಿಲ್ಲೆ ನೆಟ್ಟಗಾಗುವುದಿಲ್ಲ. ಖಾಸಗಿಯವರಿಗೆ ವಹಿಸಿಬಿಡಿ ಎನ್ನುವವರಿಗೆ ಇನ್ನೂ ಚಿಕ್ಕ ಉತ್ತರ: ರಾಜ್ಯದ ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆರಿಗೆ ಕತ್ತರಿಯಿಂದಲೇ ಆಗುತ್ತದೆ ಎಂದು ಅದೇ ಸಮೀಕ್ಷೆ ಹೇಳುತ್ತದೆ. ಒಂದು ಸಲ ಮಾಂಗಲ್ಯ ಅಡವಿಟ್ಟವರಿಗೆ ಮುಂದಿನ ಮಾತು ಹೇಳಬೇಕಾಗಿಲ್ಲ.

ನಾವು ಕೇಳುವುದು ಏನು? ಮೇಷ್ಟ್ರಾಗಿದ್ದವನಿಗೆ ಮೊದಲು ಹೊಳೆಯುವುದು ಕಪ್ಪು ಹಲಗೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಯಾವ ಲಾಟು ಎಷ್ಟಕ್ಕೆ ಹೋಯಿತು ಎಂಬುದು ಮಧ್ಯಾಹ್ನದೊಳಗೆ ಬೀದಿಗೆಲ್ಲ ಗೊತ್ತು. ನಾಲ್ಕೂ ಊರಿನ ಆಸ್ಪತ್ರೆಯ ಬಾಗಿಲಲ್ಲಿ ಹಾಗೇ ಒಂದು ಹಲಗೆ ಇರಲಿ. ಇಂದು ರಾತ್ರಿ ಹೆರಿಗೆ ಡಾಕ್ಟರು ಯಾರು, ಅರಿವಳಿಕೆ ಯಾರು, ಮಕ್ಕಳ ಡಾಕ್ಟರು ಯಾರು. ಯಾವ ಗುಂಪಿನ ರಕ್ತ ಎಷ್ಟು ಚೀಲ ಇದೆ. 108 ಎಲ್ಲಿ ನಿಂತಿದೆ. ಈ ತಿಂಗಳು ಎಷ್ಟು ಜನರನ್ನು ಹೊರಗೆ ಕಳಿಸಿದೆವು, ಏತಕ್ಕೆ. ಇದನ್ನು ತಾನಾಗಿಯೇ ಜನರಿಗೆ ತಿಳಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯಿದೆಯ ನಾಲ್ಕನೆಯ ಕಲಮು ಇದೆ; ನಾವು ಭಿಕ್ಷೆ ಬೇಡುತ್ತಿಲ್ಲ. ಎರಡನೆಯದು, ಪ್ರತಿ ಸಾವನ್ನೂ ಪರಿಶೀಲಿಸಿ, ತಾಯಿಯ ಹೆಸರು ಮರೆಮಾಡಿ, ಎಲ್ಲಿ ಎಷ್ಟು ಹೊತ್ತು ಕಳೆಯಿತು ಎಂಬುದನ್ನು ಮಾತ್ರ ಪ್ರಕಟಿಸಲಿ. ಕೇರಳದ ಪ್ರಸೂತಿ ಡಾಕ್ಟರುಗಳೇ ಎರಡು ದಶಕದಿಂದ ತಮ್ಮತಮ್ಮೊಳಗೆ ಹೀಗೆ ಗುಟ್ಟಾಗಿ ಒಂದೊಂದು ಸಾವನ್ನೂ ಬಿಡಿಸಿ ನೋಡಿ ತಮ್ಮ ಪದ್ಧತಿ ತಿದ್ದಿಕೊಂಡರು, ಯಾರನ್ನೋ ನೇಣಿಗೇರಿಸುವುದಕ್ಕಲ್ಲ. ಒಬ್ಬ ನರ್ಸನ್ನು ಅಮಾನತು ಮಾಡಿ ಕಡತ ಮುಚ್ಚುವುದು ನಿಲ್ಲಬೇಕು. ಮೂರನೆಯದು, ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಗಳಲ್ಲಿ ಶಾಸಕರ ಹಿಂಬಾಲಕರ ಜೊತೆಗೆ ಮಿಲ್ಲಿನ ಒಬ್ಬ ಹೆಣ್ಣುಮಗಳು, ಬಿಚ್ಚಾಣಿಕೆಯ ಒಬ್ಬ ಹೆಣ್ಣುಮಗಳು, ಒಬ್ಬ ಆಶಾ ಕೂರಲಿ.

ಈ ವಾರದಿಂದ ನಾಲ್ಕೂ ಊರಿನಲ್ಲಿ ಒಂದು ಕೆಲಸ ಶುರುಮಾಡಿದ್ದೇವೆ. ಕಳೆದ ಎರಡು ವರ್ಷದಲ್ಲಿ ನಿಮ್ಮ ಮನೆಯ ಹೆಂಗಸರಿಗೆ ಹೆರಿಗೆ ಹೊತ್ತಿನಲ್ಲಿ ಸಿಕ್ಕ ರೆಫರ್ ಚೀಟಿ ಮನೆಯಲ್ಲಿದ್ದರೆ, ಟ್ರಂಕಿನ ತಳದಲ್ಲಿ ತಾಯಿ ಕಾರ್ಡಿನ ಜೊತೆ ಮಡಿಚಿಟ್ಟಿದ್ದರೆ, ಅದನ್ನು ಸಂಘದ ಕಚೇರಿಗೆ ತನ್ನಿ. ನಕಲು ಮಾಡಿಕೊಂಡು ಅಸಲನ್ನು ಅಲ್ಲೇ ವಾಪಸು ಕೊಡುತ್ತೇವೆ. ಹೆಸರು ಅಚ್ಚು ಹಾಕುವುದಿಲ್ಲ, ಡಾಕ್ಟರದ್ದೂ ಬೇಡ, ತಾಯಿಯದ್ದೂ ಬೇಡ. ದಿನ, ಹೊತ್ತು, ಎಲ್ಲಿಂದ ಎಲ್ಲಿಗೆ, ಏತಕ್ಕೆ ಎಂಬ ನಾಲ್ಕು ಮಾತು ಸಾಕು. ಚೀಟಿ ಕಳೆದುಹೋಗಿದ್ದರೆ ಜೊತೆಯಲ್ಲಿ ಹೋದವರು ಯಾರಾದರೂ ಬಂದು ಬಾಯಲ್ಲಿ ಹೇಳಿ, ಬರೆದುಕೊಳ್ಳುತ್ತೇವೆ. ರಾತ್ರಿ ಪಾಳಿಯವರಿಗಾಗಿ ಕಚೇರಿ ಬೆಳಿಗ್ಗೆ ಏಳಕ್ಕೇ ತೆರೆದಿರುತ್ತದೆ.